ಗೇಟಿನಲ್ಲಿ ಉಳಿದ ಎರಡನೆಯ ಆಲ್ಬಮ್

ಹೈದರಾಬಾದಿನಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನನ್ನದು ಆಗ ಕೂತಲ್ಲಿ ಕೂರುವ ಜಾಯಮಾನವಲ್ಲ. ಮಣಿಕೊಂಡದ ಫ್ಲ್ಯಾಟು, ಆಫೀಸು, ಮತ್ತೆ ಫ್ಲ್ಯಾಟು. ಎಲ್ಲಿದ್ದರೂ ಇನ್ನೆಲ್ಲೋ ಇರಬೇಕಿತ್ತು ಅನ್ನಿಸುತ್ತಿತ್ತು. ಆ ದಿನಗಳಲ್ಲಿ ನನ್ನ ರೂಮ್‌ಮೇಟ್ ಪ್ರಾಜೆಕ್ಟಿಗೆಂದು ಮೂರು ತಿಂಗಳು ಇಸ್ತಾಂಬುಲ್‌ಗೆ ಹೋಗಿಬಂದ. ಮಂಗಳೂರು ಕಡೆಯವನು, ಗಿಟಾರಿನ ಹುಚ್ಚ. ಬರುವಾಗ ಅಲ್ಲಿನದೊಂದು ರಾಕ್ ಬ್ಯಾಂಡಿನ ಎರಡನೆಯ ಆಲ್ಬಮ್ಮಿನ ಸಿ.ಡಿ. ತಂದ. ಅಲ್ಲಿನ ಸಹೋದ್ಯೋಗಿಯೊಬ್ಬ ಬೀಳ್ಕೊಡುವಾಗ ತನ್ನದನ್ನೇ ಕೊಟ್ಟನಂತೆ.

“ಮೊದಲ ಆಲ್ಬಮ್ ಯಾರು ಬೇಕಾದರೂ ಮಾಡ್ತಾರೆ ಮಾರಾಯ. ಇರುವುದನ್ನೆಲ್ಲ ಅದರಲ್ಲೇ ಸುರಿದಿರ್ತಾರೆ. ಎರಡನೆಯದರಲ್ಲಿ ಉಂಟು ನೋಡು ಪರೀಕ್ಷೆ,” ಅನ್ನುತ್ತಿದ್ದ.

ನನಗೆ ಸಂಗೀತದ ಗಂಧಗಾಳಿ ಇಲ್ಲ. ಆದರೂ ಐದನೆಯ ಹಾಡು ನನ್ನನ್ನು ಹಿಡಿಯಿತು. ಹಾಡುವವನು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಶುರುಮಾಡುತ್ತಾನೆ. ಡ್ರಮ್ಮು ಈಗ ಬಂತು ಅಂದುಕೊಂಡಲ್ಲಿ ಬರುವುದಿಲ್ಲ. ಬರುವವರೆಗೆ ನನಗೆ ತಳಮಳ. ನಡುವೆ ‘ದುನ್ಯಾ’ ಎಂಬ ಒಂದು ಮಾತು ಮಾತ್ರ ಅರ್ಥವಾಗುತ್ತಿತ್ತು. ಇಲ್ಲಿನ ಆಟೋದವರೂ ಮಾತೆತ್ತಿದರೆ ದುನಿಯಾ ಅನ್ನುವವರೇ. ಆ ಹಾಡನ್ನು ಆಫೀಸಿನಲ್ಲೂ ಕೇಳುವ ಆಸೆ ನನಗೆ. ಅವನೋ ಸಿ.ಡಿ.ಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಒಂದು ಸೋಮವಾರ ಅವನು ಸ್ನಾನಕ್ಕೆ ಹೋದಾಗ ಅದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಆಫೀಸಿನ ಕಂಪ್ಯೂಟರಿನಲ್ಲಿ ಕಾಪಿ ಮಾಡಿಕೊಂಡು ಸಂಜೆಯೊಳಗೆ ಇದ್ದಲ್ಲೇ ಇಡುವ ಯೋಚನೆ. ಕಂಪನಿಯೊಳಗೆ ಸಿ.ಡಿ. ಒಯ್ಯುವಂತಿಲ್ಲ ಎಂಬ ನಿಯಮ ಗೊತ್ತಿತ್ತು. ಗೇಟಿನಲ್ಲಿ ಯಾರೂ ಬ್ಯಾಗು ಬಿಚ್ಚಿ ನೋಡುವುದಿಲ್ಲ ಎಂಬುದೂ ಗೊತ್ತಿತ್ತು. ಅವತ್ತು ನೋಡಿದರು. ಸಿ.ಡಿ. ಲಕೋಟೆಗೆ ಹೋಯಿತು, ಲಕೋಟೆ ಬೀರುವಿಗೆ. ಬಿಡಿಸಿಕೊಳ್ಳಲು ಮ್ಯಾನೇಜರ್ ಸಹಿ ಬೇಕು. ಮ್ಯಾನೇಜರ್ ಗುರುವಾರದವರೆಗೆ ರಜೆ.

ಮಂಗಳವಾರ ಬೆಳಿಗ್ಗೆ ರೂಮ್‌ಮೇಟ್ ಇಡೀ ಮನೆ ಜಾಲಾಡಿದ. ನಾನೂ ಅವನ ಜೊತೆ ಹುಡುಕಿದೆ! ಮಂಚದಡಿ ಬಗ್ಗಿ ಬಗ್ಗಿ ನೋಡಿದೆ. ಕೊನೆಗೆ ಅವನು ಅಡುಗೆಮನೆಗೆ ಹೋದ. ಅಲ್ಲಿ ರೊಟ್ಟಿ ಬಡಿಯುತ್ತಿದ್ದವರು ನಮಗೆ ಅಡುಗೆ ಮಾಡುತ್ತಿದ್ದ ಯಾದಗಿರಿ ಕಡೆಯ ಅಕ್ಕ. ಗಂಡ ಪಟಾನ್‌ಚೆರುವಿನ ಕಾರ್ಖಾನೆಗೆ ಹೋದ ಮೇಲೆ ದಿನಾ ಲಿಂಗಂಪಲ್ಲಿಯಿಂದ ಬಸ್ಸು ಹಿಡಿದು ಬರುತ್ತಿದ್ದರು. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು.

“ಅಕ್ಕಾ, ಒಂದು ಸಿ.ಡಿ. ಇತ್ತು. ನೀವೇನಾದ್ರೂ ಮನೆಗೆ ತಕೊಂಡು ಹೋದ್ರಾ?”

ರೊಟ್ಟಿಯ ಸದ್ದು ನಿಂತಿತು. “ನನಗ್ಯಾಕ ಬೇಕ್ರಿ ಅದು? ಹಾಡು ಹಚ್ಚೋ ಮಷೀನ್ ಸುದ್ದಾ ಇಲ್ಲ ನಮ್ಮನ್ಯಾಗ,” ಅಂದವರು ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ವಾಸಿ. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದವನು ಏಳಲೇ ಇಲ್ಲ. ಬುಧವಾರ ಅಕ್ಕ ಬರಲಿಲ್ಲ. ನಮ್ಮ ಮನೆಯ ಬೀಗದ ಕೈಯನ್ನು ವಾಚ್‌ಮನ್ ಹತ್ತಿರ ಕೊಟ್ಟು ಹೋಗಿದ್ದರು.

ಶುಕ್ರವಾರ ಮ್ಯಾನೇಜರ್ ಬೈದು ಸಹಿ ಹಾಕಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ನೋಡಿ, ಸಿ.ಡಿ.ಯನ್ನು ಪುಸ್ತಕದ ಕಪಾಟಿನ ಹಿಂದೆ ಬೀಳಿಸಿಟ್ಟೆ. ಶನಿವಾರ ಅವನೇ ಅದನ್ನು ಹುಡುಕಿ ತೆಗೆದು ಕುಣಿದಾಡಿದ. ಆಮೇಲೆ, “ಛೆ, ಅಕ್ಕನಿಗೆ ಸುಮ್ಮನೆ ಕೇಳಿಬಿಟ್ಟೆ ಮಾರಾಯ,” ಎಂದು ಪೇಚಾಡಿಕೊಂಡ. ನನಗಿಷ್ಟವೆಂದು ಐದನೆಯ ಹಾಡನ್ನೇ ಹಾಕಿದ. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನಾಚಿಕೆ, ಬರೀ ನಾಚಿಕೆ.

ಭಾನುವಾರ ಬೆಳಿಗ್ಗೆ ವಾಚ್‌ಮನ್‌ನಿಂದ ಗುರುತು ಕೇಳಿಕೊಂಡು ಲಿಂಗಂಪಲ್ಲಿಗೆ ಹೋದೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಹೊಸ್ತಿಲ ಮೇಲೆ ಕೂತು ಅಕ್ಕ ಜೋಳ ಹಸನು ಮಾಡುತ್ತಿದ್ದರು.

“ಅಕ್ಕಾ, ಆ ಸಿ.ಡಿ. ತಗೊಂಡಿದ್ದು ನಾನು,” ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

“ಗೊತ್ತೈತ್ರಿ ತಮ್ಮಾ. ನೀವು ಬ್ಯಾಗಿನಾಗ ಹಾಕ್ಕೊಳ್ಳೂದು ನಾ ನೋಡೀನಿ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ನೀವ ಹೇಳ್ತೀರಿ ಅಂತ ದಾರಿ ನೋಡಿದ್ನಿ.” ಒಂದು ಕಲ್ಲು ಆರಿಸಿ ಆಚೆ ಎಸೆದರು. “ಅವರಿಗೆ ಹೇಳೀರೇನು?”

ಇಲ್ಲವೆಂದು ತಲೆಯಾಡಿಸಿದೆ.

“ಗೊತ್ತಿದ್ದ ನನಗ ಹೇಳಾಕ ಇಷ್ಟು ದೂರ ಬಂದೀರಿ,” ಅಂದರು ಅಕ್ಕ. “ಗೊತ್ತಿಲ್ಲದವರು ನಿಮ್ಮನ್ಯಾಗ ಅದಾರ.”