ಕಾಕೂನ ಗಂಡನ ಹೆಸರು

ಮುಂಬಯಿಯಲ್ಲಿ ನಾವಿದ್ದ ಚಾಳಿನ ಹಿಂದೆ ಬಿಜಾಪುರ ಕಡೆಯವರೆಲ್ಲ ಸೇರಿ ಹಿಡಿದಿದ್ದ ಒಂದು ಬಾಡಿಗೆ ಹಾಲ್ ಇತ್ತು. ಅಪ್ಪನಂಥ ಗಿರಣಿ ಕೆಲಸಗಾರರು ಅದನ್ನು ಸಂಘ ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಸಿಂದಗಿ, ಬಾಗೇವಾಡಿಯ ಹೆಂಗಸರು ಅಲ್ಲಿ ಶೇಂಗಾ ಸುಲಿಯುತ್ತ ಕೂತರೆ ಮಾತಿಗೆ ಲಗಾಮೇ ಇರಲಿಲ್ಲ. ಮನೆಯಲ್ಲಿ ಅವ್ವ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಸಂಘದಲ್ಲಿ ಆ ಆಟ ನಡೆಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನನಗೆ ಬಿಜಾಪುರ ಜಿಲ್ಲೆಯ ಇಂಡಿ ಊರಿನ ಸಂಬಂಧ ಬಂತು. ಅತ್ತೆಯಾಗುವವರು ಮೊದಲು ಕೇಳಿದ್ದೇ, "ಮುಂಬೈ ಹುಡುಗಿ. ನಮ್ಮ ಮಾತು ಬರ್ತಾವೇನ್ರಿ?"

ಅವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಮದವ್ಯಾಗ ಒಡಪು ಹೇಳಸ್ರಿ, ಗೊತ್ತಾಗತೈತಿ!"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಹೆಂಗಸರು ಅದನ್ನು ಪ್ರಾಸದೊಳಗೆ ಸೇರಿಸಿ ಹೇಳುವುದೇ ಒಡಪು. ಜಂಬ ಕೊಚ್ಚಿದ್ದು ಅವ್ವ, ಅವಳ ಮಾನ ಉಳಿಸುವ ಕೆಲಸ ಮಾತ್ರ ನನ್ನ ನಾಲಿಗೆಗೆ ಬಿತ್ತು. ನನಗಂತೂ ಊಟ ರುಚಿಸಲಿಲ್ಲ.

ಕಲಿಸಲು ಮುಂದಾದವರು ಸಂಘದ ಹುಡುಗಿಯರಿಗೆಲ್ಲ ಚಿಕ್ಕಮ್ಮನಂತಿದ್ದ ಮುದ್ದೇಬಿಹಾಳ ಕಾಕೂ. ಕೊರಳಿಗೆ ತಾಳಿ ಬೀಳುವ ಮೊದಲು ವರನ ಹೆಸರೆತ್ತಬಾರದು ಎಂಬುದು ಅವರ ಕಟ್ಟಪ್ಪಣೆ. "ಸದ್ಯಕ್ಕ ನಮ್ಮವರ ಹೆಸರ ಹಾಕ್ಕೊಂಡು ರೂಢಿ ಮಾಡವಾ," ಎಂದರು. ಪ್ರತಿ ಭಾನುವಾರ ಇಡೀ ಹಾಲಿನೆದುರು ಹೇಳಿಸಿದರು. ರಾಗ ತಪ್ಪಿದರೆ ಬಾಗೇವಾಡಿಯವರು ತಿದ್ದುತ್ತಿದ್ದರು.

ಮದುವೆ ಇಂಡಿಯಲ್ಲೇ ಆಯಿತು. ಮನೆ ತುಂಬಿಸಿಕೊಳ್ಳುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದರು. ನಾನು ಅರಳು ಹುರಿದಂತೆ ಶುರುಮಾಡಿದೆ:

"ಎಳಿ ಸೌತಿ, ಅಗಸಿ ಚಟ್ನಿ, ಬಿಳಿ ಜೋಳದ ರೊಟ್ಟಿ,
...ರ ಹೆಸರ ಹೇಳ್ತೇನಿ, ಎದಿ ಮಾಡಿ ಗಟ್ಟಿ!"

ಬಾಯಿಂದ ಬಂದ ಹೆಸರು ಕಾಕೂನ ಗಂಡನದು!

ಅವ್ವನ ಮುಖ ಬಿಳಿಚಿತು. ಪಕ್ಕದಲ್ಲಿದ್ದ ನನ್ನ ಗಂಡ ನನ್ನನ್ನೇ ನೋಡಿದರು. ಮದುವೆಗೆ ಬಂದಿದ್ದ ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರೇ ಹೊರತು ನೆರವಿಗೆ ಬರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು. ಅದು ಬಿಡಲಿಲ್ಲ, ನಾನೇ ಬಿಟ್ಟೆ:

"ಹೆಸರ ತಪ್ಪೇನಿ, ನಗಬ್ಯಾಡ್ರಿ ಎಲ್ಲಾರೂ ನನ್ನ ಕಂಡು,
ಅವರು ನಮ್ಮ ಕಾಕೂನ ಗಂಡ, ಇವರು ... ನನ್ನ ಗಂಡು!"

ಹೆಸರುಗಳನ್ನು ಇಲ್ಲಿ ನುಂಗಿದ್ದೇನೆ, ಅಂದು ನುಂಗಲಿಲ್ಲ. ಈ ಒಡಪನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಲ್ಲಿಂದ ಬಂತೋ ಎಂದು ನನಗೇ ಬೆರಗು, ಹೇಳಲಾರದಷ್ಟು ಖುಷಿ. ನಗಬೇಡಿ ಎಂದರೂ ಬಾಗಿಲಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು.

ಅತ್ತೆ ಕಣ್ಣೊರೆಸಿಕೊಂಡು ಅವ್ವನತ್ತ ತಿರುಗಿದರು. "ಹುಡುಗಿಗೆ ನಮ್ಮ ಮಾತೆಲ್ಲಾ ಬರ್ತಾವ್ರಿ, ಬೀಗರ. ಗಂಡ ಯಾರು ಅನ್ನೂದಷ್ಟ ನಾವು ಕಲಸ್ತೇವಿ!"