ಕೆಟ್ಟ ಡಿಸ್ಕನ್ನೇ ಹುಡುಕಿ ತರುತ್ತಿದ್ದವರು

ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ನಾನು ಡ್ರೈವರ್ ಬರೆಯುತ್ತಿದ್ದೆ. ಕಂಪ್ಯೂಟರಿಗೂ ಹಾರ್ಡ್ ಡಿಸ್ಕಿಗೂ ನಡುವೆ ಮಾತು ಸಾಗಿಸುವ ಪ್ರೋಗ್ರಾಮು ಅದು. ಅದನ್ನು ಪರೀಕ್ಷಿಸಲು ಆಫೀಸಿನಲ್ಲಿ ಇನ್ನೊಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿ, ಕೆಟ್ಟ ಡಿಸ್ಕುಗಳನ್ನೇ ಕರ್ಚೀಫಿನಲ್ಲಿ ಸುತ್ತಿ ತರುತ್ತಿದ್ದರು. ಡಿಸ್ಕ್ ಓಡುವಾಗ ಕಿವಿ ಹತ್ತಿರ ತಂದು ಅದರ ಸದ್ದು ಕೇಳುತ್ತಿದ್ದರು.

“ಕೆಟ್ಟಿದ್ದನ್ನ ಕೆಟ್ಟಿದೆ ಅನ್ಬೇಕು ಸಾರ್. ಡ್ರೈವರ್ ಕೆಲ್ಸ ಅಷ್ಟೇ” ಎನ್ನುವುದು ಅವರ ಮಾತು.

ಒಮ್ಮೆ ಮೀಟಿಂಗಿನಲ್ಲಿ ಅವರು ಡಿಸ್ಕೊಂದನ್ನು ಮೇಜಿನ ಮೇಲಿಟ್ಟು, ಈ ಕೆಟ್ಟ ಡಿಸ್ಕಿಗೂ ನನ್ನ ಡ್ರೈವರ್ ‘ಎಲ್ಲ ಸರಿಯಾಗಿ ಬರೆದಾಯಿತು’ ಎನ್ನುತ್ತಿದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

“ಗುಜರಿಯವನು ಒಳ್ಳೇ ಡಿಸ್ಕ್ ಕೊಟ್ಟು ನಿಮ್ಗೆ ಟೋಪಿ ಹಾಕಿದಾನೆ ಸಾರ್” ಎಂದೆ. ಎಲ್ಲರೂ ನಕ್ಕರು. ಅವರು ಡಿಸ್ಕನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡರು.

ಸಂಜೆ ನನ್ನ ಕೋಡ್ ತೆಗೆದು ನೋಡಿದೆ. ಬರೆಯಲಾಗಲಿಲ್ಲ ಎಂದು ಡಿಸ್ಕ್ ಹೇಳಿದರೂ ಕೇಳಿಸಿಕೊಳ್ಳದೆ, ಪ್ರತಿ ಸಲವೂ ‘ಸರಿಯಾಗಿ ಬರೆದಾಯಿತು’ ಎಂದೇ ಹೇಳಿಬಿಡುವ ಸಾಲೊಂದನ್ನು ನಾನೇ ಬರೆದಿಟ್ಟಿದ್ದೆ. ತಿದ್ದಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಅವರು ನಾನು ತಿದ್ದಿದ್ದ ಹೊಸ ಡ್ರೈವರ್ ಹಾಕಿ ಅದೇ ಡಿಸ್ಕನ್ನು ಓಡಿಸಿದರು. ಪರದೆಯ ತುಂಬ ಎರರ್‌ಗಳು. ನೋಡಿ, ಎದ್ದು ನನ್ನ ಮೇಜಿನ ಬಳಿ ಬಂದರು.

“ನೀವು ಹೇಳಿದ್ದೇ ಸರಿ ಇರ್ಬೇಕು ಸಾರ್. ನಿನ್ನೆ ಡಿಸ್ಕ್ ಚೆನ್ನಾಗೇ ಇತ್ತೇನೋ. ಇವತ್ತು ಕೆಟ್ಟೋಗಿದೆ.”

ಹೇಳಿ ಹೋಗಿಬಿಡಲಿಲ್ಲ. ನನ್ನ ಮುಖ ನೋಡುತ್ತಾ, ನಾನು ಏನಾದರೂ ಹೇಳಲೆಂದು ಸ್ವಲ್ಪ ಹೊತ್ತು ನಿಂತೇ ಇದ್ದರು.

“ಇರ್ಬಹುದು ಸಾರ್” ಎಂದೆ.