ಜಗಲಿಗೆ ಬಂದ ಉದ್ದ ಸೀಟು

ನಮ್ಮ ಪಿಕಪ್ಪಿನ ಹಳೇ ಸೀಟು ಬಿಚ್ಚಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಅಣ್ಣನ ಕಡೆ ಬೆರಳು ತೋರಿಸಿಕೊಂಡೇ ನಾನು ಇಷ್ಟು ವರ್ಷ ತಪ್ಪಿಸಿಕೊಂಡಿದ್ದೇನೆ. ತೀರ್ಮಾನ ಅಣ್ಣನದು, ಸ್ಪ್ಯಾನರು ನನ್ನದು.

ಗಾಡಿ ಮೊದಲು ನಮ್ಮದಾಗಿರಲಿಲ್ಲ. ಅದು ಅಕ್ಕನ ಗಂಡನದು. ಭಾವ ಅರಕಲಗೂಡಿನಲ್ಲಿ ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಒಂದು ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಾನೂ ಅಣ್ಣನೂ ಹೋಗಿ ಅಕ್ಕನನ್ನು ಅದೇ ಗಾಡಿಯಲ್ಲಿ ಹೊಳೆನರಸೀಪುರಕ್ಕೆ ಕರೆದುಕೊಂಡು ಬಂದೆವು. ಹಿಂದೆ ಅವಳ ಟ್ರಂಕು, ನಾಲ್ಕು ಪಾತ್ರೆ. ಮುಂದೆ ಒಂದೇ ಉದ್ದ ಸೀಟಿನಲ್ಲಿ ನಾವು ಮೂವರು. ಅಣ್ಣ ಸ್ಟೇರಿಂಗಿಗೆ, ನಾನು ನಡುವೆ ಗೇರಿನ ಅತ್ತ ಒಂದು ಕಾಲು ಇತ್ತ ಒಂದು ಕಾಲು, ಅಕ್ಕ ಕಿಟಕಿಗೆ. ಭಾವ ಇದ್ದಾಗಲೂ ಅವಳು ಕೂರುತ್ತಿದ್ದದ್ದು ಆ ಕಿಟಕಿಗೇ.

ನಮ್ಮದು ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವ ಕಸುಬು. ಅಲ್ಲಿಯವರೆಗೆ ಯಾರದೋ ಟೆಂಪೋ ಕಾಯುತ್ತಾ ಕೂರುತ್ತಿದ್ದೆವು. ಈಗ ಗಾಡಿ ಬಂತು, ಗಾಡಿಯ ಜೊತೆ ಒಂದು ಕೈಯೂ ಬಂತು. ಅಕ್ಕನ ಹುಳಿಪುಡಿ, ಅಕ್ಕನ ಒಬ್ಬಟ್ಟಿನ ಹೂರಣ. ಎರಡೇ ವರ್ಷದಲ್ಲಿ ಹಾಸನದಿಂದ ಚನ್ನರಾಯಪಟ್ಟಣದವರೆಗೆ ಜನ ನಮ್ಮನ್ನು ಹುಡುಕಿಕೊಂಡು ಬರುವ ಹಾಗಾಯಿತು. ಹೊಗಳಿಕೆಯನ್ನೆಲ್ಲ ಅಣ್ಣ ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದ, ತಾನೇ ರುಬ್ಬಿದವನ ಹಾಗೆ. ಗಾಡಿಯ ಕಾಗದಪತ್ರವೂ ಯಾವಾಗಲೋ ಅವನ ಹೆಸರಿಗೆ ಬಂದಿತ್ತು. ಅಕ್ಕ ಎಲ್ಲಿ ಅಂದರಲ್ಲಿ ಸಹಿ ಹಾಕಿದ್ದಳು. ಅವಳು ಕೇಳಿದ್ದು ಏನೂ ಇಲ್ಲ. ಮುಂಜಾನೆ ಎದ್ದು ತಲೆ ಬಾಚಿ, ಸೆರಗಿಗೆ ಪಿನ್ನು ಹಾಕಿ, ನಮಗಿಂತ ಮೊದಲು ಹೋಗಿ ಆ ಕಿಟಕಿಗೆ ಕೂತುಬಿಡುತ್ತಿದ್ದಳು. ಮನೆಯಿಂದ ಹೊರಗೆ ಅವಳಿಗಿದ್ದದ್ದು ಅದೊಂದೇ ಜಾಗ. ಗಂಡ ಸತ್ತ ಮೇಲೆ ಅವಳು ಬೇರೆ ಎಲ್ಲಿಗೆ ಹೋಗುತ್ತಿದ್ದಳು? ನಮ್ಮ ನೆಂಟರ ಮದುವೆಗೇ ಅವಳನ್ನು ಕರೆಯುತ್ತಿರಲಿಲ್ಲ. ಕಂಡವರ ಮದುವೆಗೆ ಅಡುಗೆಯವಳಾಗಿ ಹೋಗಿ, ಒಲೆಯ ಪಕ್ಕ ನಿಂತು ಓಲಗ ಕೇಳಿ ಬರುತ್ತಿದ್ದಳು.

ಹಾಗೇ ಐದಾರು ವರ್ಷ ನಡೆಯಿತು. ಎರಡು ಸಾವಿರದ ಇಸವಿ ದಾಟಿತ್ತು. ಚನ್ನರಾಯಪಟ್ಟಣದಲ್ಲಿ ಒಂದು ದೊಡ್ಡ ಮದುವೆ. ಛತ್ರದ ಮುಂದೆ ಗಾಡಿ ನಿಂತಿತು. ಕಿಟಕಿಗೆ ಕೂತವರು ಇಳಿಯದೆ ನಡುವಿನವನು ಇಳಿಯುವ ಹಾಗಿಲ್ಲ. ಅಕ್ಕ ಮೊದಲು ಇಳಿದಳು, ಬರಿ ಹಣೆ, ಬರಿ ಕೈ. ಬಾಗಿಲಲ್ಲಿ ಕಳಶ ಹಿಡಿದುಕೊಂಡು ಯಾರನ್ನೋ ಕಾಯುತ್ತಿದ್ದ ಹೆಂಗಸರ ನಡುವೆ ಮದುವೆ ಹುಡುಗಿಯ ಅಜ್ಜಿ ನಿಂತಿದ್ದರು. ಆಕೆ ಅಕ್ಕನಿಗೆ ಏನೂ ಅನ್ನಲಿಲ್ಲ. ಅಣ್ಣನನ್ನು ಪಕ್ಕಕ್ಕೆ ಕರೆದು, ನನಗೂ ಕೇಳುವ ಹಾಗೆ ಅಂದರು:

"ಸುಭ ಕಾರ್ಯಕ್ಕೆ ಬರೋ ಗಾಡಿ. ಮೊದ್ಲು ಇಳಿಯೋರು ಯಾರು ಅಂತ ಒಸಿ ನೋಡ್ಕಂಡು ಬರ್ಬಾರ್ದೇನಪ್ಪ?"

ಅಣ್ಣ "ತಪ್ಪಾಯ್ತು ಕಣವ್ವ" ಅಂದ. ಏನು ತಪ್ಪಾಯಿತು ಅಂತ ನಾನಾದರೂ ಕೇಳಬಹುದಿತ್ತು. ಅವತ್ತು ಅವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಉಂಡದ್ದು ಅವಳ ಕೈಯ ಅಡುಗೆಯನ್ನೇ.

ಅದಾಗಿ ಹದಿನೈದು ದಿನಕ್ಕೆ ಅಣ್ಣನ ಬೆನ್ನುನೋವಿನ ಮಾತು ಶುರುವಾಯಿತು. ನೋವು ಸುಳ್ಳಲ್ಲ. ಆ ಉದ್ದ ಸೀಟಿನ ಸ್ಪ್ರಿಂಗು ಡ್ರೈವರ್ ಕಡೆ ಕುಸಿದು, ಗೋಣಿಚೀಲ ಮಡಿಸಿ ತುಂಬಿದ್ದೆವು. ಆದರೆ ಐದು ವರ್ಷದಿಂದ ಇದ್ದ ನೋವಿಗೆ ಆ ತಿಂಗಳೇ ಔಷಧ ಬೇಕಾಯಿತು.

"ಈ ಸೀಟಲ್ಲಿ ಇನ್ನು ಆಗಾಕಿಲ್ಲ ಕಣ್ಲಾ. ಹಾಸನದ ಗುಜರೀಲಿ ಕಾರಿನ್ ಸೀಟು ಸಿಕ್ತವಂತೆ, ಬಕೆಟ್ ಸೀಟು. ಎಲ್ಡು ತಂದು ಕೂರ್ಸುಮಾ" ಅಂದ.

ಎರಡು ಅಂದದ್ದು ನನ್ನ ಕಿವಿಗೆ ಬಿತ್ತು. ಎಣಿಸಲು ಬಾರದವನೇನಲ್ಲ ನಾನು.

ಹಾಸನದ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಒಂದು ಕಾರು ಬಿದ್ದಿತ್ತು. ಮುಂದಿನ ಎರಡು ಸೀಟೂ ಗಟ್ಟಿಯಾಗಿದ್ದವು. ಕಂದು ರೆಕ್ಸಿನ್ನು, ಬೆನ್ನನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ಗುಳಿ, ತಲೆಗೊಂದು ದಿಂಬು, ಹಿಂದೆ ಮುಂದೆ ಸರಿಸಲು ಕೆಳಗೊಂದು ಹಿಡಿ. ನಾನು ಅಲ್ಲೇ ಕೂತು ನೋಡಿದೆ. ಹಾಯೆನಿಸಿತು. ಸತ್ಯ ಹೇಳುವುದಾದರೆ, ಆ ಗಳಿಗೆಯಲ್ಲಿ ನನಗೆ ಅಕ್ಕನ ನೆನಪೇ ಬರಲಿಲ್ಲ. ಇಷ್ಟು ವರ್ಷ ಗೇರಿಗೆ ಮೊಣಕಾಲು ಕೊಟ್ಟವನಿಗೆ ಕೊನೆಗೂ ಒಂದು ಸೀಟು ಸಿಕ್ಕಿತಲ್ಲ ಅನ್ನುವುದೇ ತಲೆಯಲ್ಲಿತ್ತು.

ಹಳೇ ಸೀಟಿಗೆ ನಾಲ್ಕು ಬೋಲ್ಟು. ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟಿದ್ದೆ. ಮೂರು ಹೇಗೋ ಬಂದವು. ನಾಲ್ಕನೆಯದು ಕಿಟಕಿ ಕಡೆಯದು, ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ತಲೆ ಸವೆದುಹೋಯಿತು. ಕೊನೆಗೆ ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದು ಕತ್ತರಿಸಿದೆ. ಆ ಸದ್ದಿಗೆ ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮೊರ ಇತ್ತು.

"ರಿಪೇರಿಯೇನ್ಲಾ?"

"ಊಂ" ಅಂದೆ. ತಲೆ ಎತ್ತಲಿಲ್ಲ.

ಸೀಟು ಎತ್ತಿದಾಗ ಅಡಿಯಲ್ಲಿ ಜ್ಯಾಕು, ಒಣಗಿದ ವೀಳ್ಯದೆಲೆ, ಮೂರು ಸೆರಗಿನ ಪಿನ್ನು, ಭಾವನ ಕಾಲದ ಒಂದು ಬೀಡಿ ಕಟ್ಟು ಸಿಕ್ಕವು. ಪಿನ್ನುಗಳನ್ನು ಅಕ್ಕನ ಕೈಗೆ ಕೊಟ್ಟೆ. ಬೀಡಿ ಕಟ್ಟನ್ನು ಅವಳೇ ಬಗ್ಗಿ ತೆಗೆದುಕೊಂಡಳು.

ಕಾರಿನ ಸೀಟಿನ ತೂತಿಗೂ ಪಿಕಪ್ಪಿನ ತಳದ ತೂತಿಗೂ ತಾಳೆಯಾಗಲಿಲ್ಲ. ವೆಲ್ಡಿಂಗಿನವನು ಆಂಗಲ್ ಪಟ್ಟಿ ಕೊಯ್ದು ಅಡಿಗೆ ಬೆಸೆದ. ಕೂರಿಸಿ ನೋಡಿದರೆ ಸೀಟು ನಾಲ್ಕು ಬೆರಳು ಎತ್ತರ, ಅಣ್ಣನ ತಲೆ ಸೂರಿಗೆ ಬಡಿಯುತ್ತಿತ್ತು. ಮತ್ತೆ ಬಿಚ್ಚಿ, ಪಟ್ಟಿ ತಗ್ಗಿಸಿ, ಮತ್ತೆ ಬೆಸೆದದ್ದಾಯಿತು. ಎಲ್ಲ ಮುಗಿದ ಮೇಲೆ ಎರಡು ಸೀಟಿನ ನಡುವೆ ಗೇಣಿಗಿಂತ ಸ್ವಲ್ಪ ಹೆಚ್ಚೇ ಜಾಗ ಮಿಕ್ಕಿತ್ತು.

"ಮಧ್ಯ ಒಂದು ಅಲಗೆ ಆಕಿ ಸಣ್ಣ ಸೀಟ್ ಮಾಡ್ಕೊಡ್ಲಾ ಸಾ? ಇನ್ನೊಬ್ರು ಕೂತ್ಕಬೋದು" ಅಂದ ವೆಲ್ಡಿಂಗಿನವನು. ನಮ್ಮ ಮನೆಯ ವಿಷಯ ಅವನಿಗೇನು ಗೊತ್ತು ಪಾಪ.

"ಬ್ಯಾಡ. ಗೇರಿಗೆ ಅಡ್ಡ ಆಯ್ತದೆ" ಅಂದ ಅಣ್ಣ.

ಇಷ್ಟು ವರ್ಷ ಗೇರಿಗೆ ಅಡ್ಡವಾಗದೆ ಕೂತಿದ್ದವನು ನಾನು ಅಲ್ಲೇ ಇದ್ದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಣ್ಣ ಅಕ್ಕನನ್ನು ಗಾಡಿಯಿಂದ ತೆಗೆದಿದ್ದ. ಅವಳಿಗೆ ಬರಬೇಡ ಅಂತ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ಮದುವೆಯ ದಿನ ಅವಳು ತಲೆ ಬಾಚಿ, ಪಿನ್ನು ಹಾಕಿಕೊಂಡು ಬಂದು ಬಾಗಿಲು ತೆಗೆದಳು. ನಾನು ಆಗಲೇ ಕೂತಿದ್ದೆ. ಅವಳು ಬರುವ ಮೊದಲೇ ಹೋಗಿ ಕೂತಿದ್ದೆ.

"ನಿನ್ನ ಬಸ್ಸಿಗೆ ಅತ್ತುಸ್ತೀವಿ, ಬಾ. ಬಸ್ಸಲ್ಲಾದ್ರೆ ಕುಲುಕಾಟ ಇರಾಕಿಲ್ಲ" ಅಂದ ಅಣ್ಣ.

ಅಕ್ಕ ಎರಡು ಸೀಟನ್ನೂ ನೋಡಿದಳು, ನಡುವಿನ ಸಂದನ್ನು ನೋಡಿದಳು, ನನ್ನನ್ನು ನೋಡಿದಳು. "ಬುಡು, ನಾನೇ ಓಯ್ತೀನಿ" ಅಂತ ಬಾಗಿಲು ಹಾಕಿದಳು. ಸದ್ದಾಗದ ಹಾಗೆ ಹಾಕಿದಳು.

ನಾನು ಹಿಂದೆ ಹೋಗಬಹುದಿತ್ತು. ಹಿಂದೆ ಕೊಳದಪ್ಪಲೆಗಳ ನಡುವೆ ಬಡಿಸುವವರು ನಾಲ್ಕು ಜನ ಕೂತೇ ಇದ್ದರು, ಐದನೆಯವನಾಗಿ ನಾನು ಕೂತಿದ್ದರೆ ನನ್ನ ಕೊಂಬೇನು ಮುರಿಯುತ್ತಿರಲಿಲ್ಲ. ಒಂದು ಸಲ, ಒಂದೇ ಸಲ ಇಳಿದು "ನೀನು ಕೂತ್ಕೊ ಅಕ್ಕ" ಅಂದಿದ್ದರೆ ಅಣ್ಣ ಏನು ಮಾಡುತ್ತಿದ್ದ? ಗೊತ್ತಿಲ್ಲ. ನಾನು ಇಳಿಯಲೇ ಇಲ್ಲ.

ಆ ಮದುವೆ ಹಿರೀಸಾವೆಯಲ್ಲಿ. ಚನ್ನರಾಯಪಟ್ಟಣದಲ್ಲಿ ಅವಳಿಗೆ ಬಸ್ಸು ತಪ್ಪಿತು. ಅಷ್ಟರಲ್ಲಿ ನಾವು ಬೇಳೆ ಬಸಿಯದೆ ಬೆಲ್ಲ ಸುರಿದು ಹೂರಣ ನೀರು ಮಾಡಿ ಕೂತಿದ್ದೆವು. ಅವಳು ಹೈವೇಯಲ್ಲಿ ಇಳಿದು ಬಿಸಿಲಲ್ಲಿ ನಡೆದು ಬಂದಳು. ಬಂದವಳೇ ಸೆರಗು ಸಿಕ್ಕಿಸಿ, ಸೌದೆ ಎಳೆದು ಉರಿ ತಗ್ಗಿಸಿ, ಕೈ ಬೀಳುವವರೆಗೆ ಮಗುಚಿ ಹೂರಣ ಗಟ್ಟಿ ಮಾಡಿಕೊಟ್ಟಳು. ಅಣ್ಣ ಎಲ್ಲರ ಮುಂದೆ ಅವಳನ್ನೇ ಬೈದ, ಹೊತ್ತಿಗೆ ಸರಿಯಾಗಿ ಬರಲಾಗದಿದ್ದರೆ ಕೆಲಸಕ್ಕೆ ಯಾಕೆ ಬರಬೇಕು ಅಂತ. ವಾರ ಕಳೆಯುವುದರೊಳಗೆ ತೀರ್ಮಾನ ಬಂತು. "ನೀ ಮನೇಲೇ ಪುಡಿ ಕೆಲ್ಸ ನೋಡ್ಕೊ. ಅಲ್ದಾಟ ಯಾಕೆ ನಿಂಗೆ." ಕೇಳಿದವರು ತಂಗಿಯ ಮೇಲೆ ಎಷ್ಟು ಪ್ರೀತಿ ಅಂದುಕೊಳ್ಳಬೇಕು, ಹಾಗಿತ್ತು ಅವನ ದನಿ.

ಅಲ್ಲಿಂದ ಮುಂದೆ ಅವಳ ಹುಳಿಪುಡಿ ಮಾತ್ರ ಗಾಡಿಯಲ್ಲಿ ಹೋಗುತ್ತಿತ್ತು. ಚೆಲ್ಲಬಾರದು ಅಂತ ಡಬ್ಬವನ್ನು ಎರಡು ಸೀಟಿನ ನಡುವೆ ಇಡುತ್ತಿದ್ದೆವು. ಗೇರಿಗೆ ಅದು ಒಂದು ದಿನವೂ ಅಡ್ಡವಾಗಲಿಲ್ಲ.

ಬಿಚ್ಚಿದ ಉದ್ದ ಸೀಟನ್ನು, ಮಾತಾಡಲು ಬರುವ ಗಿರಾಕಿಗಳಿಗೆ ಇರಲಿ ಅಂತ ಅಣ್ಣ ಜಗಲಿಗೆ ಹಾಕಿಸಿದ್ದ. ಗಿರಾಕಿಗಳು ಹೋದ ಮೇಲೆ ಅಕ್ಕ ಅದರಲ್ಲಿ ಕೂತು ಕೊತ್ತಂಬರಿ ಬೀಜ ಆರಿಸುತ್ತಿದ್ದಳು. ಎಡಗಡೆಯ ತುದಿ, ಕಿಟಕಿ ಇದ್ದ ಕಡೆ. ನಾವು ಮದುವೆಗೆ ಹೊರಟಾಗಲೂ ಅಲ್ಲೇ ಕೂತಿರುತ್ತಿದ್ದಳು. ಅವಳು ತನ್ನ ಜಾಗ ಬಿಟ್ಟೇ ಇರಲಿಲ್ಲ. ಗಾಡಿಯನ್ನೇ ನಾವು ಅವಳ ಕೆಳಗಿಂದ ಎಳೆದುಕೊಂಡು ಹೋಗಿದ್ದೆವು.

ಏಳೆಂಟು ವರ್ಷದ ಮೇಲೆ ಗಾಡಿಯ ಇಂಜಿನ್ನು ಕೈಕೊಟ್ಟಿತು. ಅಣ್ಣನ ಬೆನ್ನು ಅಷ್ಟು ದಿನವಾದರೂ ವಾಸಿಯಾಗಿರಲಿಲ್ಲ. ಹಾಸನದಿಂದ ಗುಜರಿಯವನು ಬಂದು ನೋಡಿ, "ಇದ್ರ ಹಳೇ ಸೀಟು ಐತಾ ಸಾ? ಅದೂ ಸೇರ್ಸಿ ಕೊಟ್ಬುಡಿ" ಅಂದ. ಅಣ್ಣ ಜಗಲಿಯ ಕಡೆ ಕೈ ತೋರಿಸಿದ. ಅಕ್ಕ ಅದರ ಮೇಲೇ ಕೂತಿದ್ದಳು.

ನಾನು ಹೋಗಿ ಎದುರಿಗೆ ನಿಂತೆ. ಅವಳಿಗೆ ಎಲ್ಲ ಕೇಳಿಸಿತ್ತು. ಮೊರವನ್ನು ನೆಲಕ್ಕಿಟ್ಟು, ಗೋಡೆ ಹಿಡಿದು ನಿಧಾನವಾಗಿ ಎದ್ದಳು.

"ನಿಂತ್ಕಂಡ್ಯಲ್ಲ. ಆವತ್ತು ಬಿಚ್ಚಿದ್ದೂ ನೀನೇ ತಾನೆ. ಆ ತುದಿ ಇಡ್ಕ ಓಗು" ಅಂದಳು.

ಗುಜರಿಯವನು ಒಂದು ತುದಿ ಹಿಡಿದಿದ್ದ. ಇನ್ನೊಂದು ತುದಿಯನ್ನು ನಾನು ಹಿಡಿದೆ.